ಆಟಿ ಹದಿನೆಂಟರ ಬಣ್ಣ

೧೧ ಜುಲೈ ೧೯೫೮, ಶುಕ್ರವಾರ

ಹೆಡ್ ಕ್ಲಾರ್ಕ್ ಚೆನ್ನಯ್ಯನವರಿಂದ ಕೊನೆಗೂ ಉತ್ತರ ಬಂತು. ಸಿಬ್ಬಂದಿಗಾಗಲಿ ಅವರ ಹೆಂಡತಿಗಾಗಲಿ ಕಾಯಿಲೆಯಾದರೆ ಕಂಪನಿ ಮೈಸೂರಿಗೆ ಕಳುಹಿಸುತ್ತದೆ. ಡಾಕ್ಟರ ಫೀಸು, ಬಸ್ಸು, ಜೊತೆಗೆ ಹೋದವರ ಊಟ ಎಲ್ಲವೂ ಅದರದೇ. ಹೆರಿಗೆಗೂ ಹಾಗೆಯೇ. ಮಕ್ಕಳಾಗದಿರುವುದು ಮಾತ್ರ ಕಾಯಿಲೆಯೂ ಅಲ್ಲ, ಹೆರಿಗೆಯೂ ಅಲ್ಲ. ಆದ್ದರಿಂದ ಕೊಡಲು ಬರುವುದಿಲ್ಲ.

ಇವರು ಆಫೀಸಿನಿಂದ ಬಂದು, ಕೊಡೆ ಜಾಡಿಸುತ್ತಾ ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದರು. ಎಸ್ಟೇಟಿನ ರೈಟರು. ಬೆಳಗಾದರೆ ಆಳುಗಳ ಹಾಜರಿ ಕೂಗುವ ಬಾಯಿ. ಮನೆಯ ವಿಷಯವನ್ನೂ ಹಾಜರಿ ಕೂಗಿದ ಹಾಗೆಯೇ ಹೇಳುತ್ತಾರೆ.

"ಚೆನ್ನಯ್ಯನವ್ರು ನಗಾಡಿದ್ರಾ?" ಎಂದು ಕೇಳಿದೆ.

"ಇಲ್ಲೆ. ಪಾಪ, ಅವ್ರಿಗೇ ನಾಚಿಕೆ ಆತ್."

ಹೆರಿಗೆಗೆ ಕೊಡುವವರು ಹೆರಿಗೆಯವರೆಗೆ ತಲುಪಲು ಯಾಕೆ ಕೊಡುವುದಿಲ್ಲ? ಹೊಳೆಯ ಆಚೆ ಎಲೆ ಹಾಕಿ ಬಡಿಸಿಟ್ಟು, ದೋಣಿ ಮಾತ್ರ ನಿಮ್ಮದು ಎಂದ ಹಾಗೆ. ಸಿಟ್ಟು ಬರಲಿಲ್ಲ. ಈ ನಿಯಮ ಮಾಡಿದವರು ಮೇಜಿನ ಮುಂದೆ ಕುಳಿತು ಏನು ಯೋಚಿಸುತ್ತಿದ್ದಿರಬಹುದು ಎಂದು ಸಂಜೆಯೆಲ್ಲ ಊಹಿಸಿದೆ.

೧೫ ಜುಲೈ, ಮಂಗಳವಾರ

ಚಿಕ್ಕಮ್ಮನ ಮಗಳಿಂದ ಕಾಗದ. ಮೈಸೂರಿನಲ್ಲಿ ಅವಳನ್ನು ನೋಡಿದ ಲೇಡಿ ಡಾಕ್ಟರ ವಿವರವೆಲ್ಲ ಇದೆ. ಒಳಗೆ ಔಷಧದ ನೀರು ಬಿಟ್ಟು ಎಕ್ಸ್‌ರೇ ತೆಗೆಯುತ್ತಾರಂತೆ. ದಾರಿ ತೆರೆದಿದ್ದರೆ ನೀರು ಹರಿದದ್ದು ಚಿತ್ರದಲ್ಲಿ ಕಾಣುತ್ತದಂತೆ. ತುಂಬ ನೋಯುತ್ತದಂತೆ. ಗಂಡನನ್ನೂ ಕರೆದುಕೊಂಡು ಬರಲು ಹೇಳುತ್ತಾರಂತೆ.

ಕೊನೆಯದನ್ನು ಮಾತ್ರ ಇವರಿಗೆ ಓದಿ ಹೇಳಿದೆ.

"ನನ್ನ ಎಂಥಕೆ? ಬಸ್ಸಿಲಿ ಜೊತೆಗೆ ಒಬ್ಬ ಇರ್ಲಿ ಅಂತ ಆಯ್ಕ್."

ಇರಬಹುದು.

ಅತ್ತೆ ಕೇಳಿಸಿಕೊಂಡರು. ಅವರ ಲೆಕ್ಕದಲ್ಲಿ ಈ ವರ್ಷದ ಬೋನಸ್ಸು ಸುಬ್ರಹ್ಮಣ್ಯಕ್ಕೆ, ಸರ್ಪಸಂಸ್ಕಾರಕ್ಕೆ. ನನ್ನ ಲೆಕ್ಕದಲ್ಲಿ ಮೈಸೂರಿಗೆ. ಬೋನಸ್ಸು ಒಂದೇ.

"ಯಾರ‍್ಯಾರಿಗೋ ಹೊಟ್ಟೆ ತೋರ್ಸಕ್ಕಿಂತ ಸುಬ್ರಮಣ್ಯಂಗೆ ತೋರ್ಸು ಯಮುನಾ. ಅಂವ ದುಡ್ಡ್ ಕೇಳ್ದುಲೆ."

"ಹಂಗಾರೆ ಬೋನಸ್ಸು ಎಂಥಕೆ ಅವ್ವ?" ಎಂದರು ಇವರು.

"ಅಂವ ಕೇಳ್ದುಲೆ. ಭಟ್ರು ಕೇಳ್ತಾರೆ."

ಮೂವರೂ ನಕ್ಕೆವು. ನಗು ನಿಂತ ಮೇಲೆ ಅತ್ತೆ ಎದ್ದು, ನಾಳೆಯ ಕಷಾಯಕ್ಕೆ ತೊಗಟೆ ನೆನೆಹಾಕಿದರು. ಮದುವೆಯಾಗಿ ಆರು ವರ್ಷ. ಅದರಲ್ಲಿ ನಾಲ್ಕು ವರ್ಷದಿಂದ ಕಾಫಿಗೆ ಮೊದಲು ಈ ಕಷಾಯ. ನಡುವೆ ತೊಗಟೆ ಬದಲಾಗಿದೆ. ಈಗಿನದು ಮೊದಲು ನಾಲಿಗೆಯ ತುದಿಗೆ ಏನೂ ಅನ್ನಿಸುವುದಿಲ್ಲ. ನುಂಗಿದ ಮೇಲೆ ಕಿವಿಯ ಬುಡದವರೆಗೆ ಕಹಿ ಏರುತ್ತದೆ. ನಾಲಿಗೆಗೆ ತಿಳಿಯದ ಕಹಿ ಕಿವಿಗೆ ಹೇಗೆ ತಿಳಿಯುತ್ತದೆ?

೨೪ ಜುಲೈ, ಗುರುವಾರ

ವಿರಾಜಪೇಟೆಯ ವಾಚನಾಲಯದಿಂದ ಇವರು ತಂದ ಕಾದಂಬರಿ, ಬಂಗಾಳಿಯಿಂದ ಬಂದದ್ದು. ಎಂದಿನಂತೆ ಕೊನೆಯ ಪುಟ ಮೊದಲು ಓದಿದೆ. ಯಾರು ಉಳಿಯುತ್ತಾರೆ, ಯಾರು ಇಲ್ಲ ಎಂದು ತಿಳಿದರೆ ನಡುವಿನದನ್ನು ನೆಮ್ಮದಿಯಿಂದ ಗಮನಿಸಬಹುದು. ಮಕ್ಕಳಿಲ್ಲದ ಸೊಸೆ ಕೊನೆಯ ಪುಟದಲ್ಲಿ ಇಲ್ಲ.

ಇಂಥ ಕಾದಂಬರಿಗಳಲ್ಲಿ ಡಾಕ್ಟರು ಕೊನೆಯ ಅಧ್ಯಾಯಕ್ಕೇ ಬರುತ್ತಾರೆ, ತಲೆ ಅಲ್ಲಾಡಿಸಲು. ಗಂಡನ ನಾಡಿ ಹಿಡಿದದ್ದನ್ನು ನಾನು ಒಂದರಲ್ಲೂ ಓದಿಲ್ಲ. ಈವರೆಗೆ ಇದನ್ನು ಗಮನಿಸಿರಲೂ ಇಲ್ಲ.

೩ ಆಗಸ್ಟ್, ಭಾನುವಾರ

ಆಟಿ ಹದಿನೆಂಟು, ಮಳೆಗಾಲದ ಆಟಿ ತಿಂಗಳ ಹದಿನೆಂಟನೆಯ ದಿನ. ಬೇಲಿಯ ಮದ್ದುಸೊಪ್ಪಿಗೆ ಇವತ್ತು ಹದಿನೆಂಟು ಬಗೆಯ ಮದ್ದು ಬಂದು ಸೇರುತ್ತದೆ ಎಂಬುದು ನಮ್ಮವರ ನಂಬಿಕೆ, ಕೊಡವರದೂ. ಬೆಳಿಗ್ಗೆ ಅತ್ತೆ ಸೊಪ್ಪು ಕುದಿಸಿ, ಆ ನೇರಳೆ ನೀರಿನಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನ ಹಾಲು ಹಾಕಿ ಪಾಯಸ ಮಾಡಿದರು. ನನಗೆ ಎರಡು ಬಟ್ಟಲು ಬಡಿಸಿದರು.

"ಗರ್ಭಕ್ಕೆ ಒಳ್ಳೇದು."

ಇವರೂ ಎರಡು ಬಟ್ಟಲು ತಿಂದರು. ಅವರಿಗೆ ಯಾವುದಕ್ಕೆ ಒಳ್ಳೆಯದೆಂದು ಅತ್ತೆ ಹೇಳಲಿಲ್ಲ.

೪ ಆಗಸ್ಟ್, ಸೋಮವಾರ

ಇದನ್ನು ಸರಿಯಾಗಿ ಬರೆಯಬೇಕು.

ಸೋಮವಾರ ಎಸ್ಟೇಟಿನ ಆಸ್ಪತ್ರೆಗೆ ಡಾಕ್ಟರು ಬರುವ ದಿನ. ಹೊಸಬರು, ಶಿವಶಂಕರಪ್ಪ ಎಂದು, ದಾವಣಗೆರೆ ಕಡೆಯವರು, ಬಂದು ತಿಂಗಳಾಗಿಲ್ಲ. ಮೈಸೂರಿಗೆ ಒಂದು ಚೀಟಿ ಕೊಡುತ್ತಾರೋ ಕೇಳೋಣವೆಂದು ಹೋಗಿದ್ದೆ. ಎದುರಿಗೆ ಕುಳಿತಾಗ ನಿಜವಾದ ವಿಷಯ ಬಾಯಿಗೆ ಬರಲಿಲ್ಲ. "ಕಿಬ್ಬೊಟ್ಟೆ ತೊಂದರೆ" ಎಂದೆ. ಮೂತ್ರ ಪರೀಕ್ಷೆಗೆ ಬಾಟಲಿ ಕೊಟ್ಟರು. ತಂದುಕೊಟ್ಟೆ.

ಕಿಟಕಿಯ ಬೆಳಕಿಗೆ ಹಿಡಿದರು. ಕೆಂಪು.

ಆಟಿ ಹದಿನೆಂಟರ ಮಾರನೆಯ ದಿನ ಪಾಯಸ ತಿಂದ ಮನೆಗಳಲ್ಲೆಲ್ಲ ಅದು ಕೆಂಪೇ. ಮಕ್ಕಳು ಯಾರದು ಹೆಚ್ಚು ಕೆಂಪೆಂದು ಪಂದ್ಯ ಕಟ್ಟುತ್ತಾರೆ. ಯಾರೂ ಯಾರಿಗೂ ಹೇಳಬೇಕಾಗಿ ಬಂದದ್ದಿಲ್ಲ. ಡಾಕ್ಟರಿಗೆ ಹೇಳಬಹುದಾಗಿದ್ದ ಕಂಪೌಂಡರ್ ಕುಟ್ಟಪ್ಪನವರು ಹಬ್ಬಕ್ಕೆಂದು ಊರಿಗೆ ಹೋಗಿ ಇನ್ನೂ ಬಂದಿಲ್ಲ.

"ಎಷ್ಟು ದಿನದಿಂದ ಹಿಂಗೈತಮ್ಮ?" ಡಾಕ್ಟರ ದನಿ ಬದಲಾಗಿತ್ತು.

"ಇವತ್ತಿನಿಂದ."

"ನೋವು?"

"ಇಲ್ಲ."

"ನೋವಿಲ್ದೆ ರಕ್ತ ಹೋಗೋದು ಒಳ್ಳೇದಲ್ಲ. ಮೂತ್ರಪಿಂಡ ಇರಬಹುದು. ಮೈಸೂರಿಗೆ ಬರೀತೀನಿ. ಕಂಪನಿ ಕೊಡ್ತದೆ, ಖರ್ಚಿನ ಯೋಚ್ನೆ ಬಿಡ್ರಿ."

ಮೈಸೂರು ಎಂಬ ಮಾತಿನ ತನಕ ನಾನು ಪಾಯಸದ ವಿಷಯ ಹೇಳುವವಳೇ ಇದ್ದೆ. ಆಮೇಲೆ ಹೇಳಲಿಲ್ಲ. ಸುಳ್ಳು ಹೇಳಿದ್ದಲ್ಲ. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟೆ.

ಕಾದಂಬರಿಗಳಲ್ಲಿ ಹೀಗೆ ಬರೆದುಕೊಳ್ಳುವವರನ್ನು ನಾನು ನಂಬುವುದಿಲ್ಲ.

೫ ಆಗಸ್ಟ್, ಮಂಗಳವಾರ

ನನ್ನ ಹಿಂದೆಯೇ ಡ್ರೈವರನ ಹೆಂಡತಿ ಕಮಲ ಹೋಗಿದ್ದಳಂತೆ, ಬಸುರಿಯರ ತಪಾಸಣೆಗೆ. ಅವಳದೂ ಕೆಂಪು. ಒಂದೇ ದಿನ ಇಬ್ಬರಿಗೆ, ಇಬ್ಬರೂ ಕ್ವಾರ್ಟರ್ಸಿನವರು. ಡಾಕ್ಟರು ಇಲ್ಲೇ ಉಳಿದುಕೊಂಡು ಬಾವಿಯ ಮೇಲೆ ಸಂಶಯಪಟ್ಟಿದ್ದಾರೆ. ಎಸ್ಟೇಟಿನ ದೊರೆ ಊಟಿಯಲ್ಲಿದ್ದಾರೆ. ಚೆನ್ನಯ್ಯನವರು ಹಾಸನದವರು, ಕಾಡುಸೊಪ್ಪು ತಿಂದವರಲ್ಲ. ಬಾವಿಗೆ ಹಲಗೆ ಹೊಡೆಸಿ, ಮುಂದಿನ ಆರ್ಡರಿನ ತನಕ ತೋಟದ ಕೆಳಗೆ ಹರಿಯುವ ತೋಡಿನ ನೀರು ಕಾಯಿಸಿ ಕುಡಿಯಬೇಕೆಂದು ಹೇಳಿಸಿದರು.

ಕಮಲ ಬೇಲಿಯ ಹತ್ತಿರ ಸಿಕ್ಕಿದಳು.

"ನೀ ಹೇಳ್ಬೇಕಿತ್ತಲ್ಲ ಕಮಲ."

"ಗಂಡು ಡಾಕ್ಟ್ರ ಎದುರು ಅದ್ರ ಬಣ್ಣದ ಮಾತು ಹೆಂಗೆ ಹೇಳ್ದು ಅಕ್ಕ? ನೀವು ಓದಿದವ್ರು, ನೀವೇ ಹೇಳಿಲೆ!"

ಸಂಜೆ ಇವರಿಗೆ ಎಲ್ಲ ಹೇಳಿದೆ. ಮೊದಲು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ದನಿ ತಗ್ಗಿಸಿದರು.

"ಯಾರಿಗೂ ಹೇಳ್ಬೇಡ. ಕಿಡ್ನಿ ತೋರ್ಸಿಕೆ ಹೋದವ್ಳು ಹಂಗೇ ಲೇಡಿ ಡಾಕ್ಟ್ರಿಗೂ ತೋರ್ಸಿ ಬಾ. ಬೋನಸ್ಸು ಅವ್ವಂಗೆ ಆತ್. ಎಲ್ಲ ಸರಿ ಆತಲ್ಲ?"

"ನೀವು ಜೊತೆಗೆ ಬರ್ದುಲೆಯಾ?"

"ನಾ ಎಂಥಕೆ? ಕಿಡ್ನಿ ನಿಂದು."

ಅಂಗಳದಲ್ಲಿ ಶಿಳ್ಳೆ ಹಾಕುತ್ತಾ ಓಡಾಡಿದರು. ಇಷ್ಟು ಹಗುರವಾಗಿ ಇವರು ನಡೆದದ್ದನ್ನು ಈಚೆಗೆ ನೋಡಿರಲಿಲ್ಲ. ಮೈಸೂರಿನ ಖರ್ಚು ಇಳಿಯಿತೆಂದೋ, ಮೈಸೂರಿಗೆ ತಾವು ಹೋಗುವುದು ತಪ್ಪಿತೆಂದೋ?

೬ ಆಗಸ್ಟ್, ಬುಧವಾರ

ಕ್ವಾರ್ಟರ್ಸಿನ ಮನೆಗಳಿಗೆಲ್ಲ ನೀರು ಹೊರುವವಳು ಮುದ್ದಿ. ಬಾವಿಯಿಂದಾದರೆ ಸಮತಟ್ಟು ದಾರಿ. ತೋಡಿನಿಂದ ಕಾಫಿ ಸಾಲಿನ ನಡುವೆ ಏರಬೇಕು. ಇವತ್ತು ಹತ್ತು ಗಂಟೆಯ ಹೊತ್ತಿಗೆ ಅವಳು ನಮ್ಮ ಹಿತ್ತಿಲಿಗೆ ಬಂದಾಗ ತಲೆಯ ಮೇಲೆ ಬಿಂದಿಗೆ ಇರಲಿಲ್ಲ. ಮೊಣಕಾಲು ಒಡೆದಿತ್ತು, ಸೆರಗಿನಲ್ಲಿ ಕಟ್ಟಿಕೊಂಡಿದ್ದಳು.

"ಜಾರ್ಬುಟ್ಟೆ ಅಮ್ಮ. ಬಿಂದಿಗೆ ನೆಗ್ಗೋಯ್ತು. ಬಾವಿಗೆ ಎಂಥ ಆಗ್ಯದೆ? ನಿಮ್ಗೆ ಮೂತ್ರದಲ್ಲಿ ರಕ್ತ ಅಂತಾರೆ, ಹೌದಾ? ಮಲಗೋದು ಬಿಟ್ಟು ಎದ್ದು ಯಾಕೆ ಓಡಾಡ್ತೀರಿ?"

ಅವಳು ನನ್ನ ಕಡೆ ನೋಡಿದ ರೀತಿಯನ್ನು ಬರೆಯಲು ಪ್ರಯತ್ನಿಸಿ ಎರಡು ಸಲ ಹೊಡೆದುಹಾಕಿದ್ದೇನೆ. ಮರುಕ ಅದು. ತನ್ನ ಕಾಲಿನ ರಕ್ತ ಒರೆಸದೆ ನನ್ನ ರಕ್ತ ವಿಚಾರಿಸುತ್ತಿದ್ದಳು.

ಅವಳ ಕಾಲು ತೊಳೆದು ಅರಿಸಿನ ಹಚ್ಚಿದೆ. ಬೇಲಿಯ ಸೊಪ್ಪು ಕೊಯ್ದೆ.

"ಹದಿನೆಂಟು ಕಳ್ದುತ್ತಲ್ಲ, ಇನ್ನ್ ಅದ್ರಲಿ ಎಂಥ ಮದ್ದೂ ಇಲೆ" ಎಂದರು ಅತ್ತೆ.

ಮದ್ದು ಹೋಗಿರಬಹುದು, ಬಣ್ಣ ಹೋಗಿರಲಿಲ್ಲ. ಪಾಯಸ ಮಾಡಿ, ಮುಚ್ಚಿದ ಪಾತ್ರೆಯಲ್ಲಿ ಆಸ್ಪತ್ರೆಗೆ ಒಯ್ದೆ. ಸೊಪ್ಪಿನ ಒಂದು ಹಿಡಿಯನ್ನೂ ಒಯ್ದಿದ್ದೆ. ಡಾಕ್ಟರ ಸ್ಪಿರಿಟ್ ದೀಪದ ಮೇಲೆ, ಅವರದೇ ಗಾಜಿನ ನಳಿಗೆಯಲ್ಲಿ ಎರಡೆಲೆ ಕುದಿಸಿ ತೋರಿಸಿದೆ.

"ಏನ್ರೀ ಇದು, ಇಂಕು!" ಎಂದರು. ಆಮೇಲೆ ಬಣ್ಣ ನೋಡಿದರು, ನನ್ನನ್ನು ನೋಡಿದರು. "ಸೋಮವಾರನೇ ಹೇಳಬಾರದೇನಮ್ಮ?"

"ಹೇಳಿದ್ದರೆ ನೀವು ಮೈಸೂರಿಗೆ ಬರೆಯುತ್ತಿರಲಿಲ್ಲ."

"ಮೈಸೂರಾಗೆ ಏನೈತಿ?"

ಹೇಳಿದೆ. ಕಾಯಿಲೆಯೂ ಅಲ್ಲದ ಹೆರಿಗೆಯೂ ಅಲ್ಲದ ವಿಷಯವನ್ನು ಮೊದಲಿನಿಂದ, ಬಿಡದೆ ಹೇಳಿದೆ. ಸೋಮವಾರ ಬಾಯಿಗೆ ಬಾರದ್ದು ಇವತ್ತು ಬಂತು. ಅವರು ಬೈಯಲಿಲ್ಲ. ಬಹಳ ಹೊತ್ತು ನಳಿಗೆಯನ್ನು ತಿರುಗಿಸುತ್ತಿದ್ದು, ಪಾತ್ರೆಯ ಮುಚ್ಚಳ ತೆಗೆದರು.

"ನಾನೂ ತಿಂದು ನೋಡ್ಲೇನು?"

"ಎರಡು ಬಟ್ಟಲು ತಿನ್ನಿ. ಬಣ್ಣ ಚೆನ್ನಾಗಿ ಬರುತ್ತದೆ."

೭ ಆಗಸ್ಟ್, ಗುರುವಾರ

ಬೆಳಿಗ್ಗೆಯೇ ಬಾವಿಯ ಹಲಗೆ ಕೀಳಿಸಿದರು. ಆಸ್ಪತ್ರೆಗೆ ನಮ್ಮಿಬ್ಬರಿಗೂ ಕರೆ ಬಂತು.

"ಬರ‍್ರಿ ರೈಟ್ರೇ. ನನ್ನನ್ನೂ ಮೈಸೂರಿಗೆ ಕಳಿಸೋ ಹಂಗಾಗೇತಿ" ಎಂದು ಡಾಕ್ಟರು ತಮ್ಮ ಬಾಟಲಿ ತೋರಿಸಿದರು. ಇಷ್ಟು ಸಂತೋಷದಿಂದ ಅದನ್ನು ತೋರಿಸಿದ ಮನುಷ್ಯನನ್ನು ನಾನು ಕಂಡಿಲ್ಲ.

ಮೈಸೂರಿಗೆ ಬರೆದಿದ್ದ ಚೀಟಿ ಹರಿದರು. ಕುರ್ಚಿ ತೋರಿಸಿದರು. ಇವರು ಕೂರಲಿಲ್ಲ.

"ಕಂಪನಿ ಕೊಡಂಗಿಲ್ಲ, ಅದು ಗೊತ್ತಾತು. ಹಂಗಿದ್ರೆ ಇರೋ ದುಡ್ಡು ಎಲ್ಲಿಂದ ಶುರು ಮಾಡಬೇಕು ಅಂತ ನೋಡ್ರಿ. ಹೆಣ್ಣುಮಕ್ಕಳ ಒಳಗೆ ನೋಡೋದು ಕಷ್ಟದ ಕೆಲಸ, ಖರ್ಚು, ಮೇಲಾಗಿ ನೋವು. ಗಂಡಸಿಂದು ಒಂದು ಹನಿ ಸಾಕು, ಒಂದು ಮೈಕ್ರೋಸ್ಕೋಪು ಸಾಕು. ವಿರಾಜಪೇಟೆಯಾಗೆ ನನ್ನ ಸ್ನೇಹಿತರೊಬ್ರು ನೋಡಿಕೊಡ್ತಾರೆ. ಮೊದ್ಲು ಸುಲಭದ್ದು ನೋಡ್ರಿ."

"ಗಂಡಸಿಂದೂ ನೋಡ್ತಾರಾ?" ಎಂದರು ಇವರು.

"ಅರ್ಧ ಲೆಕ್ಕ ನಿಮ್ದಲ್ಲೇನು?"

ಇವರು ಕಿಟಕಿಯಾಚೆ ಬಾವಿಯ ಕಡೆ ನೋಡುತ್ತಾ ನಿಂತರು. ಹಿಂದಿರುಗುವಾಗ ನನಗಿಂತ ಹತ್ತು ಮಾರು ಮುಂದೆ ನಡೆದರು.

೧೩ ಆಗಸ್ಟ್, ಬುಧವಾರ

ಇವರು ಮಾತಾಡುವುದಿಲ್ಲ. ಊಟ, ಆಫೀಸು, ನಿದ್ದೆ. ನಾನೂ ಕೇಳಲಿಲ್ಲ. ಮೊದಲಾದರೆ ಈ ಮೌನ ನನ್ನಿಂದಾದದ್ದೆಂದು ಹೆದರುತ್ತಿದ್ದೆ. ಈಗ ಪಕ್ಕದ ಮನೆಯ ದೀಪ ನೋಡುವ ಹಾಗೆ ನೋಡುತ್ತಿದ್ದೇನೆ: ಉರಿಯುತ್ತಿದೆ, ಒಳಗೆ ಯಾರೋ ಎಚ್ಚರವಾಗಿದ್ದಾರೆ.

ಸಂಜೆ ಬೂಟಿನ ಲೇಸು ಬಿಚ್ಚುತ್ತಾ ಕೇಳಿದರು: "ಆ ಎಕ್ಸ್‌ರೇಲಿ ಬೇನೆ ಆದೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ಕಾಗದದಲ್ಲಿ ಬರೆದಿದ್ದಳು."

"ನಂಗೆ ಹೇಳಿಲೆ."

"ನೀವು ಕೇಳಿಲೆ."

ಎರಡನೆಯ ಬೂಟನ್ನು ಬಿಚ್ಚದೆ ಹಾಗೆಯೇ ಕುಳಿತಿದ್ದರು.

೧೮ ಆಗಸ್ಟ್, ಸೋಮವಾರ

ಬುಧವಾರ ರಜೆ ಕೇಳಿದ್ದಾರಂತೆ. ಏನು ಕಾರಣ ಬರೆದಿರಿ ಎಂದೆ. "ಸ್ವಂತ ಕೆಲಸ" ಎಂದರು.

೨೦ ಆಗಸ್ಟ್, ಬುಧವಾರ

ವಿರಾಜಪೇಟೆಗೆ ಹೋಗಿ ಬಂದೆವು. ಆ ಒಂದು ಹನಿಯ ಸಣ್ಣ ಬಾಟಲಿಯನ್ನು ಎರಡು ಗಂಟೆಯೊಳಗೆ ತಲುಪಿಸಬೇಕು, ತಣ್ಣಗಾಗಲು ಬಿಡಬಾರದು, ಮೈಗೆ ಒತ್ತಿಟ್ಟುಕೊಂಡು ತರಬೇಕು ಎಂದು ಡಾಕ್ಟರು ಹೇಳಿದ್ದರು. ಇವರು ಬಾಟಲಿಯನ್ನು ಅಂಗಿಯೊಳಗೆ ಇಟ್ಟು, ಮೇಲೆ ಕೋಟು ಹಾಕಿ, ಬಲಗೈಯನ್ನು ಎದೆಯ ಮೇಲಿಂದ ತೆಗೆಯದೆ ಬಸ್ಸು ಹತ್ತಿದರು.

ತಿತಿಮತಿ ದಾಟುವ ಮೊದಲೇ ಬಸ್ಸು ನಿಂತಿತು. ಮುಂದೆ ಆನೆ. ಒಂದು ದೊಡ್ಡದು, ಒಂದು ಮರಿ. ಮರಿ ರಸ್ತೆಯ ನಡುವೆ ಬಿದಿರಿನ ಒಂದು ಕಡ್ಡಿ ಎತ್ತಿಕೊಳ್ಳುವುದು, ಬೀಳಿಸುವುದು, ಮತ್ತೆ ಎತ್ತಿಕೊಳ್ಳುವುದು. ತಾಯಿಗೆ ಅವಸರವಿಲ್ಲ. ಇಡೀ ಬಸ್ಸು ಎದ್ದು ನಿಂತು ನೋಡುತ್ತಿತ್ತು. ಇವರು ಒಬ್ಬರೇ ಕುಳಿತು ಗಡಿಯಾರ ನೋಡುತ್ತಿದ್ದರು. ಹಣೆಯಲ್ಲಿ ಬೆವರು.

ಕಂಡಕ್ಟರು ಬಾಗಿ ಕೇಳಿದ: "ಎಂಥ ರೈಟ್ರೇ, ಎದೆನೋವಾ? ಕಾಯಿಲೆಯಾ?"

"ಕಾಯಿಲೆ ಅಲ್ಲ ಮಾರಾಯ. ಕಾಯಿಲೆ ಆಗಿದ್ರೆ ಕಂಪನಿ ಕೊಡ್ತಿತ್ತು."

ನನಗೆ ನಗು ತಡೆಯಲಾಗಲಿಲ್ಲ. ಇವರೂ ನಕ್ಕರು, ಕೈ ತೆಗೆಯದೆ. ಆನೆ ಇಳಿದು ಹೋಯಿತು. ಹೊತ್ತಿಗೆ ಸರಿಯಾಗಿ ತಲುಪಿದೆವು.

ಬರುವಾಗ ವಾಚನಾಲಯಕ್ಕೆ ನಾನೇ ಹೋದೆ. ರಷ್ಯದಿಂದ ಬಂದದ್ದೊಂದು ತಂದಿದ್ದೇನೆ. ಅನುವಾದಕರು ಸಮೋವಾರಕ್ಕೆ ಚಹದ ಹಂಡೆ ಎಂದು ಬರೆದಿದ್ದಾರೆ. ತಪ್ಪಲ್ಲ, ಆದರೆ ನಮ್ಮ ಹಿತ್ತಿಲ ಒಲೆ ಕಣ್ಣಮುಂದೆ ಬರುತ್ತದೆ.

೨೫ ಆಗಸ್ಟ್, ಸೋಮವಾರ

ಡಾಕ್ಟರು ಇವರನ್ನೂ ನನ್ನನ್ನೂ ಕೂರಿಸಿ ಹೇಳಿದರು. ಇವರಲ್ಲಿ ವೀರ್ಯಾಣು ಇಲ್ಲವೆಂದಲ್ಲ. ಬಹಳ ಕಡಿಮೆ. ಇರುವವೂ ಚುರುಕಾಗಿಲ್ಲ.

"ದೊಡ್ಡವರಾದ ಮೇಲೆ ಮಂಗನಬಾವು ಆಗಿತ್ತೇನ್ರಿ, ಕೆನ್ನೆ ಊದಿ?"

ಆಗಿತ್ತು, ಹತ್ತೊಂಬತ್ತರಲ್ಲಿ. ಅದರಿಂದಲೇ ಇರಬಹುದು, ಇಲ್ಲದೆಯೂ ಇರಬಹುದು. ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಬೇಕು. ಮಗು ಆಗಬಹುದು, ಆಗದಿರಲೂಬಹುದು. ನನ್ನ ಎಕ್ಸ್‌ರೇ ಈಗಲೇ ಬೇಡ.

ದಾರಿಯಲ್ಲಿ ಇವರು ನನ್ನ ಪಕ್ಕದಲ್ಲೇ ನಡೆದರು. ಮನೆಯ ಮೆಟ್ಟಿಲ ಹತ್ತಿರ, "ಅವ್ವಂಗೆ ನೀ ಹೇಳ್ತೀಯಾ?" ಎಂದರು. ಕೊಡೆ ಮಡಿಸುವುದಕ್ಕೆ ನನಗೆ ಬಹಳ ಹೊತ್ತು ಬೇಕಾಯಿತು.

ಅವರೇ ಒಳಗೆ ಹೋದರು.

"ಅವ್ವ, ವಿರಾಜಪೇಟೆಲಿ ನೋಡ್ದೊ. ಕಮ್ಮಿ ಇರ್ದು ನಂದು. ಯಮುನಂದಲ್ಲ."

ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಕೈ ನಿಂತಿತು.

"ಯಾರ್ ಹೇಳ್ದು?"

"ಡಾಕ್ಟ್ರು. ಕಣ್ಣಲಿ ನೋಡಿ ಹೇಳ್ಯೊಳೊ."

"ಆ ಪಾಯಸದ ಬಣ್ಣಕ್ಕೆ ಬಾವಿ ಮುಚ್ಚಿಸಿದ ಡಾಕ್ಟ್ರಾ?"

"ಅವ್ರೇ. ಆದ್ರೆ ಇದ್ ನೋಡಿದ್ದು ಇನ್ನೊಬ್ರು."

ಅತ್ತೆ ಮಗನ ಮುಖವನ್ನು, ಹತ್ತೊಂಬತ್ತರಲ್ಲಿ ಊದಿಕೊಂಡಿದ್ದ ಕೆನ್ನೆಯನ್ನೇ ನೋಡುವವರಂತೆ, ನೋಡಿದರು. ಆಮೇಲೆ ಮೊರ ಎತ್ತಿ ಒಮ್ಮೆ ಜೋರಾಗಿ ಕೇರಿದರು.

"ಹಂಗಾರೆ ಸುಬ್ರಮಣ್ಯಲಿ ಉರುಳುದು ನೀನು."

ಅಷ್ಟೇ ಹೇಳಿದ್ದು. ರಾತ್ರಿ ಊಟದ ಹೊತ್ತಿಗೆ ನನ್ನ ಎಲೆಗೆ ಎರಡು ಸಲ ತುಪ್ಪ ಬಿತ್ತು.

೨೬ ಆಗಸ್ಟ್, ಮಂಗಳವಾರ

ಬೋನಸ್ಸು ಅಂಚೆ ಕಚೇರಿಯಲ್ಲಿಡುವುದೆಂದು ಮೂವರೂ ಮಾತಾಡಿಕೊಂಡೆವು. ಎರಡನೆಯ ಪರೀಕ್ಷೆ ಮುಗಿದ ಮೇಲೆ, ಬೇಕಾದರೆ, ಮೈಸೂರು. ಹೋದರೆ ಇಬ್ಬರೂ. ಭಟ್ಟರಿಗೂ ಒಂದು ಪಾಲು ಇಡಬೇಕೆಂದು ಅತ್ತೆ. ಇಡೋಣ ಎಂದೆ.

ರಷ್ಯದ ಕಾದಂಬರಿಯಲ್ಲಿ ಎಂಬತ್ತನೇ ಪುಟದಲ್ಲಿದ್ದೇನೆ. ಅದರಲ್ಲಿನ ವಿಧವೆ ಕೊನೆಗೆ ಊರು ಬಿಡುತ್ತಾಳೋ ಇಲ್ಲವೋ ಗೊತ್ತಿಲ್ಲ.

ಬೆಳಿಗ್ಗೆಯದನ್ನು ಬರೆಯುವುದು ಬಿಟ್ಟುಹೋಯಿತು. ನಾನು ಮುಖ ತೊಳೆದು ಅಡುಗೆಮನೆಗೆ ಬಂದಾಗ ನನ್ನ ಜಾಗದಲ್ಲಿ ಕಾಫಿಯ ಲೋಟ ಇತ್ತು. ಕಷಾಯದ ಲೋಟ ಇವರ ಮುಂದೆ. ಅತ್ತೆ ಒಲೆಯ ಕಡೆ ತಿರುಗಿ ಕುಳಿತಿದ್ದರು, ಯಾರ ಮುಖವನ್ನೂ ನೋಡಲಿಲ್ಲ.

ಇವರು ಲೋಟವನ್ನು ನೋಡಿದರು, ನನ್ನನ್ನು ನೋಡಿದರು, ಒಂದೇ ಗುಟುಕಿಗೆ ಕುಡಿದರು. ಮೊದಲು ಏನೂ ಆಗಲಿಲ್ಲ. ನಾನು ಕಾಯುತ್ತಿದ್ದೆ. ಆಮೇಲೆ ಕಹಿ ಏರಿತು. ಇವರ ಕೈ ತಾನಾಗಿ ಕಿವಿಯ ಬುಡಕ್ಕೆ ಹೋಯಿತು.

"ಇದ್ನ ನಾಲ್ಕು ವರ್ಷ ಕುಡ್ದಾ ನೀನು?"

ಕಿವಿಗೇ ಏರುತ್ತದೆ. ನನಗೊಬ್ಬಳಿಗೇ ಹಾಗೆ ಎಂದುಕೊಂಡಿದ್ದೆ.